ಉಗುರಪ್ಪನವರ ಬಲಗೈ ಹೆಬ್ಬೆರಳು

ಊರಿನ ಅಡುಗೆಮನೆಗಳಲ್ಲೆಲ್ಲ ಅವರಿಗೆ ಉಗುರಪ್ಪ ಎಂದೇ ಹೆಸರು. ಪುರಸಭೆಯಲ್ಲಿ ಆಹಾರ ತಪಾಸಣಾಧಿಕಾರಿ. ಹೋಟೆಲು, ಬೇಕರಿ, ಹಾಸ್ಟೆಲು, ಆಸ್ಪತ್ರೆಯ ಕ್ಯಾಂಟೀನು, ಎಲ್ಲಿಗೆ ಹೋದರೂ ಅವರು ಮೊದಲು ಒಲೆ ನೋಡುತ್ತಿರಲಿಲ್ಲ, ಚರಂಡಿ ನೋಡುತ್ತಿರಲಿಲ್ಲ, ಎಣ್ಣೆಯ ಡಬ್ಬ ಮೂಸುತ್ತಿರಲಿಲ್ಲ. ಬಾಗಿಲಲ್ಲೇ ನಿಂತು ಕನ್ನಡಕ ಏರಿಸಿಕೊಂಡು, "ಎಲ್ಲಿ, ಕೈ ತೋರಿಸಿ" ಅನ್ನುತ್ತಿದ್ದರು. ಅಡುಗೆಯವರು, ತೊಳೆಯುವವರು, ಬಡಿಸುವವರು ಎಲ್ಲರೂ ಸಾಲಾಗಿ ನಿಂತು ಅಂಗೈ ಕೆಳಗೆ ಮಾಡಿ ಕೈ ಚಾಚಬೇಕು. ಇವರು ತಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಸೈನ್ಯದ ಕವಾಯತು ನೋಡಲು ಬಂದ ದೊರೆಯ ಹಾಗೆ, ಒಂದೊಂದೇ ಉಗುರನ್ನು ದಾಟಿಕೊಂಡು ಹೋಗುವರು.

"ಉಗುರು ಅಂದರೆ ಏನಂದುಕೊಂಡಿದೀರಿ? ಅದು ಮನುಷ್ಯನ ಚಾರಿತ್ರ್ಯ," ಎಂದು ಅವರು ಹೇಳುತ್ತಿದ್ದರು. "ಮುಖಕ್ಕೆ ಪೌಡರ್ ಬಳೀಬಹುದು. ಮಾತಿಗೆ ಸಕ್ಕರೆ ಬೆರೆಸಬಹುದು. ಉಗುರಿಗೆ ಏನೂ ಬಳಿಯೋಕಾಗಲ್ಲ."

"ಪಾಲಿಶ್ ಬಳೀಬಹುದಲ್ಲ ಸಾರ್," ಎಂದು ಹಾಸ್ಟೆಲಿನ ಹುಡುಗಿಯೊಬ್ಬಳು ಒಮ್ಮೆ ಅಂದುಬಿಟ್ಟಿದ್ದಳು. ಅವಳನ್ನು ಮತ್ತೆ ಕೈ ತೊಳೆದು ಬರಲು ಕಳಿಸಲಾಯಿತು.

ಯಾರದಾದರೂ ಉಗುರು ಕೆಟ್ಟಿದ್ದು ಕಂಡರೆ ಮಾತೇ ಇಲ್ಲ. ಅಂಥವರು ಆ ಕ್ಷಣ ಮನೆಗೆ. ದೊಡ್ಡ ರಸ್ತೆಯ ಚರ್ಮದ ಡಾಕ್ಟರಮ್ಮನ ಹತ್ತಿರ ತೋರಿಸಿ, ಗುಣವಾಗಿದೆ ಎಂದು ಬರೆಸಿಕೊಂಡು ಬಂದ ಮೇಲೆಯೇ ಸೌಟು ಮುಟ್ಟಬಹುದು. ಡಾಕ್ಟರಮ್ಮನ ಕ್ಲಿನಿಕ್ಕಿನ ಬೆಂಚಿನ ಮೇಲೆ ಯಾವಾಗಲೂ ಅರ್ಧ ಜನ ಉಗುರಪ್ಪನವರು ಕಳಿಸಿದವರೇ ಇರುತ್ತಿದ್ದರು.

ಇಂಥವರು ಒಂದು ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾಗ ತಮ್ಮ ಬಲಗೈ ಹೆಬ್ಬೆರಳನ್ನು ನೋಡಿಕೊಂಡರು. ಉಗುರಿನ ಮೂಲೆ ಹಳದಿಯಾಗಿತ್ತು. ಬಣ್ಣವಿರಬೇಕೆಂದು ಸೋಪು ಹಾಕಿ ಉಜ್ಜಿದರು. ಹೋಗಲಿಲ್ಲ. ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದರು. ಅದೂ ಹೆಂಡತಿಯ ಬ್ರಶ್ಶು, ಆದರೂ ಹೋಗಲಿಲ್ಲ. ಕಿಟಕಿಯ ಬಳಿ ಹೋಗಿ ಬೆಳಕಿಗೆ ಹಿಡಿದರು. ಉಗುರು ದಪ್ಪಗಾಗಿ, ಅಂಚಿನಲ್ಲಿ ಸುಣ್ಣದ ಗೋಡೆಯ ಹಾಗೆ ಪುಡಿಪುಡಿ ಉದುರುತ್ತಿತ್ತು. ಬೇರೆಯವರ ಕೈಯಲ್ಲಿ ಇಂಥದ್ದನ್ನು ಅವರು ಬಾಗಿಲಿನಿಂದಲೇ ಗುರುತಿಸುತ್ತಿದ್ದರು.

"ಫಂಗಸ್ಸು," ಎಂದರು ಗೋಡೆಗೆ.

"ಯಾರಿಗೆ?" ಎಂದು ಅಡುಗೆಮನೆಯಿಂದ ಹೆಂಡತಿ ಕೇಳಿದರು. ಆಕೆ ಟೆಲಿಫೋನ್ ಕಚೇರಿಯಲ್ಲಿ ಕೆಲಸ ಮಾಡಿದವರು. ಎಷ್ಟು ದೂರದ ಮಾತೂ ಕಿವಿಗೆ ಬೀಳುತ್ತಿತ್ತು. ಬಂದು, ಬೆರಳು ನೋಡಿ, ಟವೆಲಿನಿಂದ ಕೈ ಒರೆಸಿಕೊಂಡು ಹೇಳಿದರು: "ಡಾಕ್ಟರ್ ಹತ್ತಿರ ಹೋಗಿ."

"ಯಾವ ಡಾಕ್ಟರ್ ಹತ್ತಿರ? ಆ ಬೆಂಚಿನ ಮೇಲೆ ನಾನು ಕೂತುಕೊಳ್ಳಲಾ? ಪಕ್ಕದಲ್ಲಿ ನಾನೇ ಕಳಿಸಿದ ಅಡುಗೆಯವರು, ಈ ಕಡೆ ಒಬ್ಬ, ಆ ಕಡೆ ಒಬ್ಬ?"

"ಹಾಗಿದ್ದರೆ ನಿಂತುಕೊಳ್ಳಿ," ಎಂದು ಆಕೆ ಒಲೆಯ ಕಡೆ ತಿರುಗಿದರು.

ಆಗ ಉಗುರಪ್ಪನವರಿಗೆ ಭಾವಮೈದ ನೆನಪಾದ. ಹೆಂಡತಿಯ ತಮ್ಮ. ನೀರಿನ ಪಂಪು ರಿಪೇರಿ ಮಾಡುವುದು ಅವನ ಹೊಟ್ಟೆಪಾಡು. ಮನೆಮದ್ದು ಅವನ ಪ್ರಾಣ. ಮನೆಮದ್ದಿನಲ್ಲಿ ಎತ್ತಿದ ಕೈ. ತಲೆಹೊಟ್ಟಿಗೆ ಈರುಳ್ಳಿ ರಸ ಹಚ್ಚಿ ಹಚ್ಚಿ ಕೂದಲೂ ಹೋಗಿ ಹೊಟ್ಟೂ ಹೋಗಿತ್ತು. ಅದನ್ನು ಅವನು ಗೆಲುವು ಎಂದೇ ಎಣಿಸಿದ್ದ.

ಭಾವಮೈದ ಬಂದವನು ಹೆಬ್ಬೆರಳನ್ನು ಪಂಪಿನ ಭಾಗ ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದ.

"ಭಾವ, ಇದು ಹುಳಿಗೆ ಹೆದರೋ ಜಾತಿ. ವಿನಿಗರ್‌ನಲ್ಲಿ ನೆನೆಸಿ. ಬೆಳಿಗ್ಗೆ, ಸಾಯಂಕಾಲ. ನೆನೆಸಿ ಆದ ಮೇಲೆ ಬೆಳ್ಳುಳ್ಳಿ ಅರೆದು ಕಟ್ಟಿ. ನಡುವೆ ಅಡುಗೆ ಸೋಡಾ."

"ನಡುವೆ ಅಂದರೆ?"

"ಅಂದರೆ, ಇದಕ್ಕೂ ಅದಕ್ಕೂ ನಡುವೆ," ಎಂದ ಭಾವಮೈದ. ವೈದ್ಯಕ್ಕೆ ಅಷ್ಟು ಸ್ಪಷ್ಟತೆ ಸಾಕು ಎಂಬುದು ಅವನ ನಂಬಿಕೆ.

ಅಂದಿನಿಂದ ಮನೆ ಉಪ್ಪಿನಕಾಯಿ ಜಾಡಿಯ ಒಳಭಾಗದ ಹಾಗೆ ವಾಸನೆ ಹೊಡೆಯತೊಡಗಿತು. ಉಗುರಪ್ಪನವರು ಸಾಯಂಕಾಲ ಕಚೇರಿಯಿಂದ ಬಂದು, ಕುರ್ಚಿಯಲ್ಲಿ ಕೂತು, ಎಡಗೈಯಲ್ಲಿ ಪತ್ರಿಕೆ ಹಿಡಿದು, ಬಲಗೈ ಹೆಬ್ಬೆರಳನ್ನು ಲೋಟದಲ್ಲಿದ್ದ ಬಿಸಿನೀರು ಬೆರೆಸಿದ ವಿನಿಗರ್‌ನಲ್ಲಿ ಇಳಿಬಿಡುವರು. ಅರ್ಧ ಪತ್ರಿಕೆಯಷ್ಟು ಹೊತ್ತು ನೆನೆಯಬೇಕು. ಹಾಳೆ ತಿರುಗಿಸಲು ಮಾತ್ರ ಹೆಂಡತಿಯನ್ನು ಕರೆಯಬೇಕಾಗುತ್ತಿತ್ತು. ಆಕೆ ಬರುತ್ತಿರಲಿಲ್ಲವಾದ್ದರಿಂದ ಅವರು ಆ ದಿನಗಳಲ್ಲಿ ಲೋಕದ ಸುದ್ದಿಯ ಮೊದಲರ್ಧವನ್ನಷ್ಟೇ ತಿಳಿದುಕೊಂಡರು.

ಒಂದು ಸಂಜೆ ಹೀಗೆ ಕೂತಿದ್ದಾಗ ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ಟರು ಬಾಗಿಲು ತಟ್ಟಿದರು. ಪತ್ರಿಕೆ ಓದಿ ಹೋಗಲು ಅವರು ಬರುವುದು ವಾಡಿಕೆ. ಉಗುರಪ್ಪನವರು ಬೆರಳನ್ನು ಸರಕ್ಕನೆ ಎಳೆದುಕೊಂಡು, "ಕೂತಿರಿ, ಬಂದೆ" ಎಂದು ಬಚ್ಚಲಿಗೆ ಓಡಿ ಟವೆಲು ಸುತ್ತಿಕೊಂಡರು. ಹಿಂದಿರುಗಿ ಬಂದಾಗ ಹೆಡ್‌ಮಾಸ್ಟರು ಖಾಲಿ ಲೋಟವನ್ನು ಮೇಜಿನ ಮೇಲೆ ಇಡುತ್ತಿದ್ದರು.

"ನಾನು ಬರೋದು ಗೊತ್ತಾಗಿ ಮಾಡಿಟ್ಟಿದ್ದಿರೇನೋ," ಎಂದರು ಬಾಯಿ ಒರೆಸಿಕೊಂಡು. "ಹುಳಿ ಸ್ವಲ್ಪ ಮುಂದು. ಆದರೆ ಒಳ್ಳೇದು, ಸಕ್ಕರೆ ಹಾಕಿಲ್ಲ ನೋಡಿ."

ಉಗುರಪ್ಪನವರು ಲೋಟವನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು. ಅಡುಗೆಮನೆಯ ಬಾಗಿಲಲ್ಲಿ ನಿಂತ ಹೆಂಡತಿ ಗಂಡನನ್ನೇ ನೋಡುತ್ತಿದ್ದರು. ಇಡೀ ಊರಿನ ಹೊಟ್ಟೆಯನ್ನು ಕಾಯುವ ಮನುಷ್ಯ ತನ್ನ ಪಕ್ಕದ ಮನೆಯ ಹೊಟ್ಟೆಯ ವಿಷಯದಲ್ಲಿ ಬಾಯಿಗೆ ಬೀಗ ಹಾಕಿಕೊಂಡಿದ್ದನ್ನು ಆಕೆ ಮನಸ್ಸಿನಲ್ಲಿ ಬರೆದುಕೊಂಡರು.

ಹೆಡ್‌ಮಾಸ್ಟರು ಮರುದಿನವೂ ಬಂದರು. "ರಾತ್ರಿ ಹೊಟ್ಟೆ ಉಬ್ಬರ ಪೂರ್ತಿ ಇಳೀತು. ಅದು ಇನ್ನೊಂದು ಲೋಟ ಸಿಗುತ್ತಾ?"

"ನಾನು ಮಾಡಿದರೆ ಆ ರುಚಿ ಬರಲ್ಲ," ಎಂದರು ಹೆಂಡತಿ. "ಅದು ಇವರ ಕೈಗುಣ."

ಉಗುರಪ್ಪನವರಿಗೆ ಆ ರಾತ್ರಿ ಊಟ ಸೇರಲಿಲ್ಲ.

ಮನೆಯ ಮಾತು ಹೀಗಾದರೆ ಕಚೇರಿಯದು ಇನ್ನೊಂದು. ಬೆಳ್ಳುಳ್ಳಿ ಕಟ್ಟಿದ ಬೆರಳನ್ನು ಎಷ್ಟು ಹೊತ್ತು ಜೇಬಿನಲ್ಲಿಟ್ಟುಕೊಂಡಿರಲು ಸಾಧ್ಯ? ಸಹಿ ಹಾಕಬೇಕು, ಕಡತ ತೆಗೆಯಬೇಕು. ಬರೀ ಬೆರಳಿಗೆ ಪಟ್ಟಿ ಕಟ್ಟಿದರೆ ಏನಾಯಿತು, ಹೇಗಾಯಿತು, ತೋರಿಸಿ ನೋಡೋಣ ಎನ್ನುವವರೇ ಎಲ್ಲ. ಬಹಳ ಯೋಚಿಸಿ ಅವರು ಔಷಧಿ ಅಂಗಡಿಯಿಂದ ತೆಳು ರಬ್ಬರಿನ ಕೈಗವಸು ತಂದು ಬಲಗೈಗೆ ಹಾಕಿಕೊಂಡರು. ಎಡಗೈಗೆ ಹಾಕಲಿಲ್ಲ. ಎಡಗೈಯಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಇಲ್ಲದ್ದಕ್ಕೆ ಮುಸುಕು ಹಾಕುವ ಸ್ವಭಾವ ಅವರದಲ್ಲ.

ಒಂದೇ ಕೈಗೆ ಕೈಗವಸು ಹಾಕಿಕೊಂಡ ಉಗುರಪ್ಪ ಮೊದಲು ಕಾಲಿಟ್ಟದ್ದು ರೈಲು ನಿಲ್ದಾಣದ ಕ್ಯಾಂಟೀನಿಗೆ. ಅಲ್ಲಿನ ಮ್ಯಾನೇಜರು ಬಿಳಿಚಿಕೊಂಡ. ಎಂದೂ ಕೈ ಮುಚ್ಚದ ಮನುಷ್ಯ ಇವತ್ತು ಕೈ ಮುಚ್ಚಿಕೊಂಡು ಬಂದಿದ್ದಾನೆ ಅಂದರೆ ಮುಟ್ಟಬಾರದ ಯಾವುದೋ ಈ ಊರಿನ ಅಡುಗೆಮನೆಗಳಿಗೆ ಬಂದಿದೆ. ಕೇಳುವ ಧೈರ್ಯ ಅವನಿಗಿರಲಿಲ್ಲ. ಇವರು ಆಚೆ ಹೋದ ತಕ್ಷಣ ಪಾತ್ರೆಯನ್ನೆಲ್ಲ ಕುದಿಯುವ ನೀರಿಗೆ ಹಾಕಿಸಿದ. ಅದನ್ನು ನೋಡಿದ ಎದುರಿನ ಹೋಟೆಲಿನವನು ತನ್ನ ಕಟ್ಟಿಗೆಯ ಹಲಗೆಗಳನ್ನೆಲ್ಲ ಹೊರಗೆ ಎಸೆದ. ಹಲಗೆಗಳು ಬೀದಿಯಲ್ಲಿ ಬಿದ್ದದ್ದನ್ನು ಕಂಡವರು ಹೋಟೆಲಿಗೆ ಹೋಗುವುದನ್ನೇ ನಿಲ್ಲಿಸಿದರು.

ಹಾಲಿನ ಅಂಗಡಿಯ ಸಾಲಿನಲ್ಲಿ ಉಗುರಪ್ಪನವರ ಹೆಂಡತಿಗೇ ಸುದ್ದಿ ಬಂತು.

"ನಿಮ್ಮ ಯಜಮಾನರು ಬಲಗೈಯಲ್ಲಿ ಏನೂ ಮುಟ್ಟುತ್ತಿಲ್ಲವಂತೆ. ಏನೋ ಒಂಥರಾ ರೋಗವಂತೆ. ಪಾತ್ರೆಯಿಂದ ಹತ್ತುತ್ತಂತೆ. ಮನೇಲಿ ಏನಾದರೂ ಹೇಳಿದರಾ?"

"ಮನೇಲಿ ಅವರು ಬೆಳ್ಳುಳ್ಳಿ ಬಿಟ್ಟು ಬೇರೆ ಮಾತಾಡಲ್ಲ," ಎಂದರು ಆಕೆ.

ಆಕೆ ಹೇಳಿದ್ದು ನಿಜವನ್ನೇ. ಆದರೆ ಸಂಜೆಯ ಹೊತ್ತಿಗೆ ತರಕಾರಿ ಅಂಗಡಿಗಳಲ್ಲಿ ಬೆಳ್ಳುಳ್ಳಿ ಖಾಲಿಯಾಗಿತ್ತು.

ಇಷ್ಟಾದ ಮೇಲೆ ಮುಖ್ಯಾಧಿಕಾರಿಗಳಿಂದ ಕರೆ ಬಂತು. ಉಗುರಪ್ಪನವರು ಅವರ ಕೋಣೆಯ ಬಾಗಿಲಲ್ಲಿ ನಿಂತಾಗ ಕೈಗವಸಿನ ಒಳಗೆ ಬೆವರು ಹರಿಯುತ್ತಿತ್ತು. ಎಲ್ಲ ಹೇಳಿಬಿಡಬೇಕು, ರಜೆ ಕೇಳಬೇಕು ಎಂದು ನಿರ್ಧರಿಸಿಯೇ ಒಳಗೆ ಹೋದರು.

"ಸಾರ್, ಈ ಕೈಗವಸಿನ ವಿಷಯ..."

"ಅದಕ್ಕೇ ಕರೆಸಿದ್ದು. ಕೂತುಕೊಳ್ಳಿ," ಎಂದರು ಮುಖ್ಯಾಧಿಕಾರಿ. ಅವರು ದೊಡ್ಡ ದೇಹದ, ಸಣ್ಣ ದನಿಯ ಮನುಷ್ಯ. ಯಾರು ಏನು ಹೇಳಿದರೂ ಮೊದಲರ್ಧಕ್ಕೇ ಅರ್ಥ ಮಾಡಿಕೊಂಡುಬಿಡುತ್ತಿದ್ದರು. "ಊರೆಲ್ಲ ನಿಮ್ಮದೇ ಮಾತು. ಹೋಟೆಲಿನವರು ಹೇಳದೆ ಕೇಳದೆ ಪಾತ್ರೆ ಕುದಿಸುತ್ತಿದ್ದಾರೆ. ನಾನು ಇಷ್ಟು ಕಾಲ ಸುತ್ತೋಲೆ ಕಳಿಸಿ ಮಾಡಿಸಲಾಗದ್ದನ್ನ ನೀವು ಒಂದು ಕೈಯಲ್ಲಿ ಮಾಡಿಸಿದ್ದೀರಿ."

"ಸಾರ್, ಇದರ ಒಳಗೆ..."

"ಇದರ ಒಳಗೆ ಒಂದು ದೊಡ್ಡ ಯೋಜನೆ ಇದೆ. ನನಗೆ ಅರ್ಥವಾಗಿದೆ. ಇನ್ನು ಮುಂದೆ ನಮ್ಮ ಎಲ್ಲ ತಪಾಸಣೆಯವರೂ ಕೈಗವಸು ಹಾಕಬೇಕು ಅಂತ ಆದೇಶ ಮಾಡಿದ್ದೇನೆ. ಎರಡೂ ಕೈಗೆ. ಮುಂದಿನ ವಾರ ದೊಡ್ಡ ಬೇಕರಿಯಲ್ಲಿ ನೀವು ಮಾಡಿ ತೋರಿಸಬೇಕು. ಪತ್ರಿಕೆಯವರು ಬರುತ್ತಾರೆ."

ಉಗುರಪ್ಪನವರು ರಜೆಯ ಮಾತು ನುಂಗಿಕೊಂಡು ಹೊರಬಂದರು. ಹೊರಗೆ ಉಳಿದ ತಪಾಸಣೆಯವರು, ಸೆಖೆಯಲ್ಲಿ ಎರಡೂ ಕೈಗೆ ರಬ್ಬರು ಏರಿಸಿಕೊಳ್ಳುತ್ತ, ಅವರನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸದಿರುವುದೇ ವಾಸಿ.

ಮನೆಗೆ ಬಂದು ನೋಡಿದರೆ ಉಗುರು ಅಲ್ಲಾಡುತ್ತಿತ್ತು. ವಿನಿಗರ್, ಸೋಡಾ, ಬೆಳ್ಳುಳ್ಳಿ, ಮೇಲೆ ದಿನವಿಡೀ ರಬ್ಬರಿನ ಬೆವರು. ಅದು ತಾನೇ ಎಷ್ಟು ತಡೆದೀತು? ಭಾವಮೈದನಿಗೆ ಫೋನು ಹೋಯಿತು.

"ಅಲ್ಲಾಡ್ತಿದೆಯಾ? ಅಬ್ಬ, ಸದ್ಯ," ಎಂದ ಅವನು. "ಮದ್ದು ಹಿಡೀತು ಅಂತ ಅರ್ಥ. ಆದರೆ ಭಾವ, ಅದಕ್ಕೆ ಈಗ ಗಾಳಿ ಬೇಕು. ಗಾಳಿ ಇಲ್ಲದೆ ಯಾವ ಪಂಪೂ ಎಳೆಯಲ್ಲ. ಗ್ಲೌಸಿನ ಹೆಬ್ಬೆರಳ ತುದೀಲಿ ಒಂದು ತೂತು ಮಾಡಿ."

"ಕಾಣಿಸಿಬಿಟ್ಟರೆ?"

"ತುದೀಲಿ ಅಲ್ವಾ? ಯಾರು ನೋಡ್ತಾರೆ?"

ಉಗುರಪ್ಪನವರು ಬೆಳ್ಳುಳ್ಳಿ ಪಟ್ಟಿ ಬಿಚ್ಚಿಟ್ಟು, ಹೆಂಡತಿಯ ಹೊಲಿಗೆ ಕತ್ತರಿ ತೆಗೆದುಕೊಂಡು ಕೈಗವಸಿನ ತುದಿಯಲ್ಲಿ ನಾಜೂಕಾಗಿ ಒಂದು ತೂತು ಮಾಡಿದರು. ಹೆಂಡತಿ ಟೇಬಲ್ಲಿನ ಆಚೆ ಬದಿಯಿಂದ ಅದನ್ನು ನೋಡುತ್ತ ಕೂತಿದ್ದರು.

"ಈಗಲಾದರೂ ಡಾಕ್ಟರ್ ಹತ್ತಿರ ಹೋಗಬಹುದಲ್ಲ," ಎಂದರು.

"ಬೇಕರಿಯದ್ದೊಂದು ಮುಗಿಯಲಿ," ಎಂದರು ಇವರು.

ಬೇಕರಿಯ ದಿನ ಬಂತು. ಊರಿನ ದೊಡ್ಡ ಬೇಕರಿ ಎಂದರೆ ಹಿಂದಿನ ಕಾಲದ ಗೋದಾಮು. ಎತ್ತರದ ಕಿಟಕಿಗಳು, ನೆಲದ ಮೇಲೆ ಹಿಟ್ಟಿನ ಬಿಳಿ ಧೂಳು, ಒಂದು ಬದಿಗೆ ಗೋಡೆಯುದ್ದ ಒವನ್ನು. ನಡುವೆ ಹಿಟ್ಟು ನಾದುವ ಸ್ಟೀಲಿನ ತೊಟ್ಟಿ, ಮಗುವನ್ನು ಸ್ನಾನ ಮಾಡಿಸಬಹುದಾದಷ್ಟು ದೊಡ್ಡದು. ಬೇಕರಿಯ ಯಜಮಾನಿ ಇಸ್ತ್ರಿ ಮಾಡಿದ ಏಪ್ರನ್ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು. ಮಾತು ಕಡಿಮೆ, ಹುಬ್ಬು ಜಾಸ್ತಿ. ಮುಖ್ಯಾಧಿಕಾರಿಗಳು ಕ್ಯಾಮರಾಕ್ಕೆ ಅನುಕೂಲವಾಗುವಂತೆ ನಿಂತರು. ಪತ್ರಿಕೆಯಿಂದ ಬಂದಿದ್ದ ವರದಿಗಾರ್ತಿ ಪೆನ್ನು ತೆಗೆದಳು.

ಉಗುರಪ್ಪನವರು ಎರಡೂ ಕೈಗೆ ಕೈಗವಸು ಏರಿಸಿ, ಕೆಲಸಗಾರರ ಸಾಲಿನ ಮುಂದೆ ನಡೆದರು. ಉಗುರು ನೋಡಿದರು. ಚಾರಿತ್ರ್ಯದ ಮಾತನ್ನೂ ಹೇಳಿದರು, ಆದರೆ ಈ ಸಲ ಯಾಕೋ ಅರ್ಧಕ್ಕೇ ನಿಲ್ಲಿಸಿದರು. ಆಮೇಲೆ ಮುಖ್ಯಾಧಿಕಾರಿಗಳು, "ಹಿಟ್ಟು ಪರೀಕ್ಷೆ ಮಾಡಿ ತೋರಿಸಿ, ಒಂದು ಫೋಟೋ ಬರಲಿ," ಎಂದರು. ಉಗುರಪ್ಪನವರು ತೊಟ್ಟಿಗೆ ಬಗ್ಗಿ ಬಲಗೈಯನ್ನು ಮಣಿಕಟ್ಟಿನವರೆಗೆ ಹಿಟ್ಟಿನೊಳಗೆ ಇಳಿಸಿ, ಒತ್ತಿ, ತಿರುವಿ, ಮೇಲೆತ್ತಿದರು. ಫೋಟೋ ಬಂತು.

"ಹಿಟ್ಟು ಮುಟ್ಟಿದ ಮೇಲೆ ಬೇರೆ ಹಾಕಿಕೊಳ್ಳಬೇಕು," ಎಂದು ಯಜಮಾನಿ ಹೊಸ ಕೈಗವಸು ನೀಡಿದರು. "ನಮ್ಮಲ್ಲಿ ಅದು ಪದ್ಧತಿ."

ಉಗುರಪ್ಪನವರು ಗೋಡೆಯ ಕಡೆ ತಿರುಗಿ, ಹಳೆಯದನ್ನು ಸುಲಿದು ಬುಟ್ಟಿಗೆ ಎಸೆದು, ಹೊಸದಕ್ಕೆ ಹೆಬ್ಬೆರಳು ತೂರಿಸಲು ಹೋದರು. ತೂರಿಸುವ ಮೊದಲು ಕಣ್ಣು ಬಿತ್ತು. ಬೆರಳು ಇತ್ತು. ಉಗುರು ಇರಲಿಲ್ಲ.

ಅವರು ಬೆರಳನ್ನು ಇನ್ನೊಂದು ಬದಿಗೆ ತಿರುಗಿಸಿ ನೋಡಿದರು, ಅಲ್ಲೇನಾದರೂ ಹೋಗಿದೆಯೋ ಎನ್ನುವ ಹಾಗೆ. ನೆಲ ನೋಡಿದರು. ಆಮೇಲೆ ನಿಧಾನವಾಗಿ ತೊಟ್ಟಿಯ ಕಡೆ ನೋಡಿದರು. ತುದಿಯಲ್ಲಿ ತಾವೇ ಕತ್ತರಿಸಿದ ತೂತು ನೆನಪಾಯಿತು.

"ಈ ಹಿಟ್ಟು," ಎಂದರು, "ಎಲ್ಲಿಗೆ ಹೋಗುತ್ತೆ?"

"ಮಕ್ಕಳ ಆಸ್ಪತ್ರೆಗೆ," ಎಂದು ಮುಖ್ಯಾಧಿಕಾರಿಗಳೇ ಹೆಮ್ಮೆಯಿಂದ ಉತ್ತರ ಕೊಟ್ಟರು. "ಇಲ್ಲಿಯ ಬ್ರೆಡ್ಡೇ ಅಲ್ಲಿಗೆ. ಬರೆದುಕೊಳ್ಳಿ ಮೇಡಂ." ವರದಿಗಾರ್ತಿ ಬರೆದುಕೊಂಡಳು. ಯಜಮಾನಿ ಏನೂ ಹೇಳಲಿಲ್ಲ. ಹಿಟ್ಟು ನಾದುವ ಗಡ್ಡದ ಮನುಷ್ಯ ತೊಟ್ಟಿಯನ್ನು ಯಂತ್ರದ ಕಡೆ ನೂಕತೊಡಗಿದ.

"ನಿಲ್ಲಿಸಿ."

ಎಲ್ಲರೂ ನಿಂತರು.

"ಈ ಹಿಟ್ಟನ್ನ ಬೇಯಿಸಬಾರದು," ಎಂದರು ಉಗುರಪ್ಪನವರು. "ಇದು... ಇದು ಸರಿ ಇಲ್ಲ."

"ಏನು ಸರಿ ಇಲ್ಲ?" ಎಂದರು ಯಜಮಾನಿ.

"ಹದ."

"ಹದಕ್ಕೆ ಏನಾಗಿದೆ?"

"ಹದ ಇದೆ. ಆದರೆ ಬಣ್ಣ."

"ಬಿಳಿ ಹಿಟ್ಟು ಬಿಳಿಯಾಗಿದೆ. ಬೇರೆ ಯಾವ ಬಣ್ಣ ಬೇಕಿತ್ತು?"

ಮುಖ್ಯಾಧಿಕಾರಿಗಳ ಮುಖ ಅರಳಿತು. ತಮ್ಮ ಕಣ್ಣೆದುರೇ, ಪತ್ರಿಕೆಯವರ ಎದುರೇ, ತಮ್ಮ ಅಧಿಕಾರಿ ಒಂದು ದೊಡ್ಡ ಬೇಕರಿಯ ಹಿಟ್ಟನ್ನು ತಿರಸ್ಕರಿಸುತ್ತಿದ್ದಾನೆ. "ನೋಡಿ," ಎಂದರು ವರದಿಗಾರ್ತಿಗೆ ಮೆಲ್ಲಗೆ, "ಮುಟ್ಟಿದ ಮಾತ್ರಕ್ಕೇ ಗೊತ್ತಾಯಿತು. ಅದೂ ಕೈಗವಸಿನ ಮೇಲಿನಿಂದ." ಅವಳ ಪೆನ್ನು ಓಡಿತು.

ಯಜಮಾನಿ ಆ ಪೆನ್ನನ್ನೇ ನೋಡಿದರು. ಅವರ ಹುಬ್ಬು ಕೆಳಗಿಳಿದಿತ್ತು. "ಏನು ಬರೀತಿದೀರಮ್ಮ? ದೊಡ್ಡ ಬೇಕರಿಯ ಹಿಟ್ಟು ಕೆಟ್ಟಿದೆ ಅಂತಾನಾ?" ಅವರು ಉಗುರಪ್ಪನವರ ಕಡೆ ತಿರುಗಿದರು. ದನಿ ಜೋರಾಗಿರಲಿಲ್ಲ, ಅದೇ ಕಷ್ಟವಾದದ್ದು. "ಸಾರ್, ನಮ್ಮ ಅಪ್ಪ ಹಚ್ಚಿದ ಒವನ್ನು ಇದು. ಇವರೆಲ್ಲ ಇದರ ಮೇಲೆ ಬದುಕುತ್ತಿದ್ದಾರೆ. ನಾಳೆ ಪೇಪರಿನಲ್ಲಿ ಅದು ಬಂದರೆ ನಾನು ಬಾಗಿಲು ಹಾಕಬೇಕಾಗುತ್ತೆ. ಹಿಟ್ಟು ಬಿಸಾಡಿ ಅನ್ನಿ, ಬಿಸಾಡುತ್ತೀನಿ. ಆದರೆ ಕಾರಣ ಹೇಳಿ."

ಗಡ್ಡದ ಮನುಷ್ಯ ತೊಟ್ಟಿಯ ಅಂಚು ಹಿಡಿದು ನಿಂತಿದ್ದ. ಸಾಲಿನಲ್ಲಿದ್ದವರೆಲ್ಲ, ಇನ್ನೂ ಅಂಗೈ ಕೆಳಗೆ ಮಾಡಿ ಚಾಚಿದ ಕೈಗಳನ್ನು ಇಳಿಸುವುದನ್ನೂ ಮರೆತು, ಉಗುರಪ್ಪನವರನ್ನೇ ನೋಡುತ್ತಿದ್ದರು. ತೊಳೆದ, ಕತ್ತರಿಸಿದ, ನೆಟ್ಟಗಿನ ಉಗುರುಗಳು. ಒಂದರಲ್ಲೂ ದೋಷವಿರಲಿಲ್ಲ.

ಉಗುರಪ್ಪನವರು ಕನ್ನಡಕ ತೆಗೆದರು. ತೆಗೆದರೆ ಎದುರಿನವರು ಮಸುಕಾಗಿ ಕಾಣುತ್ತಾರೆ, ಸ್ವಲ್ಪ ಅನುಕೂಲ.

"ಹಿಟ್ಟಿಗೆ ಏನೂ ಆಗಿಲ್ಲ," ಎಂದರು. "ಅದರೊಳಗೆ ನನ್ನ ಉಗುರು ಇದೆ."

ಗಡ್ಡದ ಮನುಷ್ಯ ತೊಟ್ಟಿಯ ಅಂಚಿನಿಂದ ಕೈ ತೆಗೆದ.

"ಯಾವ ಉಗುರು?" ಎಂದರು ಮುಖ್ಯಾಧಿಕಾರಿ.

"ಹೆಬ್ಬೆರಳಿಂದು, ಸಾರ್. ಫಂಗಸ್ಸು ಹಿಡಿದಿತ್ತು. ವಿನಿಗರ್‌ನಲ್ಲಿ ನೆನೆಸುತ್ತಿದ್ದೆ. ಮುಚ್ಚಿಡೋಕೆ ಕೈಗವಸು ಹಾಕಿದ್ದು. ಬೇರೆ ಯೋಜನೆ ಏನೂ ಇರಲಿಲ್ಲ." ಅವರು ಹೆಬ್ಬೆರಳನ್ನು ಎತ್ತಿ ಎಲ್ಲರಿಗೂ ತೋರಿಸಿದರು. ಬೆಳ್ಳುಳ್ಳಿಯಿಂದ ಸುಟ್ಟು, ವಿನಿಗರ್‌ನಿಂದ ಸುಕ್ಕುಗಟ್ಟಿ, ಬೋಳಾಗಿ, ಅದು ಈಗಷ್ಟೇ ಹುಟ್ಟಿದ ಯಾವುದೋ ಪ್ರಾಣಿಯ ಹಾಗಿತ್ತು. "ಬೇಕರಿಯವರದು ತಪ್ಪಿಲ್ಲ. ಅದನ್ನ ಮೊದಲು ಬರೆದುಕೊಳ್ಳಿ."

ಮುಖ್ಯಾಧಿಕಾರಿಗಳು ಚಾವಣಿ ನೋಡಿದರು. ಯಜಮಾನಿ ಮಾತ್ರ ತೋಳಿನ ಬಟ್ಟೆ ಮೇಲೇರಿಸಿ, "ನಿಂತು ನೋಡಿದರೆ ಸಿಗುತ್ತಾ? ಹುಡುಕಿ," ಎಂದರು.

ಎಲ್ಲರೂ ಹುಡುಕಿದರು. ಹಿಟ್ಟನ್ನು ಮೇಜಿನ ಮೇಲೆ ಸುರಿದು, ತುಂಡು ತುಂಡು ಮಾಡಿ, ಹಾಳೆಯಷ್ಟು ತೆಳ್ಳಗೆ ಲಟ್ಟಿಸಿ, ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು. ಮುಖ್ಯಾಧಿಕಾರಿಗಳೂ ಕೋಟು ಕಳಚಿ ಲಟ್ಟಣಿಗೆ ಹಿಡಿದರು. ವರದಿಗಾರ್ತಿ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಒಂದು ಮೂಲೆಯನ್ನು ವಹಿಸಿಕೊಂಡಳು. ಉಗುರು ಸಿಗಲಿಲ್ಲ. ಉಗುರಪ್ಪನವರಿಗೆ ಮಕ್ಕಳ ಆಸ್ಪತ್ರೆ ಕಣ್ಣಿಗೆ ಕಟ್ಟುತ್ತಿತ್ತು. ಹಿಟ್ಟಿನ ಒಂದು ಕಣವೂ ಉಳಿಯದ ಹಾಗೆ ಹುಡುಕಿದರೂ, ಸಿಗದ ಮೇಲೆ ಮನಸ್ಸಿಗೆ ಸಮಾಧಾನವೆಲ್ಲಿಂದ ಬರಬೇಕು?

"ಸಾರ್," ಎಂದ ಗಡ್ಡದ ಮನುಷ್ಯ, ತಗ್ಗಿದ ದನಿಯಲ್ಲಿ. "ನಂದೂ ಹಾಗೇ ಇದೆ. ಕಾಲಲ್ಲಿ. ಶೂ ತೆಗೀಲಾ?"

"ಬೇಡ," ಎಂದು ಮೂರ್ನಾಲ್ಕು ಜನ ಒಟ್ಟಿಗೆ ಹೇಳಿದರು.

ಆಗ ಯಜಮಾನಿ ಲಟ್ಟಿಸುವುದನ್ನು ನಿಲ್ಲಿಸಿ, ಯೋಚಿಸಿ, ಗೋಡೆಯ ಬಳಿ ಹೋದರು. ಬುಟ್ಟಿಯಿಂದ ಹಳೆಯ ಕೈಗವಸನ್ನು ಇಕ್ಕಳದಿಂದ ಎತ್ತಿ, ಬೆಳಕಿಗೆ ಹಿಡಿದು ಅಲ್ಲಾಡಿಸಿದರು. ಕಿರುಬೆರಳಿನ ತುದಿಯಲ್ಲಿ ಏನೋ ಹಳದಿಯದೊಂದು ಜಾರಿ ಕೂತಿತ್ತು.

"ಇದೇನಾ?"

ಉಗುರಪ್ಪನವರು ಓಡಿ ಬಂದು ಕನ್ನಡಕ ಹಾಕಿಕೊಂಡು ನೋಡಿದರು. ಸುಲಿಯುವಾಗ ಕಿತ್ತು ಬಂದು ಒಳಗೇ ಉರುಳಿತ್ತು. ತೂತಿನ ದಾರಿ ಅದಕ್ಕೆ ಗೊತ್ತೇ ಇರಲಿಲ್ಲ. ತುಂಡಾಗಿರಲಿಲ್ಲ, ಪೂರ್ತಿ, ಮೂಲೆಯ ಸುಣ್ಣದ ಸಮೇತ. ಜೀವಮಾನದಲ್ಲಿ ಯಾವ ಉಗುರನ್ನೂ ಅವರು ಅಷ್ಟು ಪ್ರೀತಿಯಿಂದ ನೋಡಿರಲಿಲ್ಲ.

"ಇದೇ," ಎಂದರು, ಮತ್ತು ಅಲ್ಲೇ ಇದ್ದ ಮೈದಾ ಮೂಟೆಯ ಮೇಲೆ ಕುಸಿದು ಕೂತರು.

ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟಿದ್ದರಿಂದ ಮೇಜಿನ ಮೇಲಿನ ಹಿಟ್ಟಿನ ಧೂಳು ಒಮ್ಮೆ ಎದ್ದಿತು.

"ಆದರೂ ಈ ಹಿಟ್ಟು ಹೋಗಲೇಬೇಕು ಮೇಡಂ," ಎಂದರು ಉಗುರಪ್ಪನವರು ಕೂತಲ್ಲಿಂದಲೇ. "ನನ್ನ ಬೆರಳು ಮುಟ್ಟಿದೆ. ಆಸ್ಪತ್ರೆಯ ಮಕ್ಕಳಿಗೆ ಬೇರೆ ಏನಾದರೂ ವ್ಯವಸ್ಥೆ..."

ಯಜಮಾನಿ ವರದಿಗಾರ್ತಿಯ ಕಡೆ ನೋಡಿದರು, ಆಮೇಲೆ ಮೂಟೆಯ ಮೇಲೆ ಕೂತ ಮನುಷ್ಯನ ಕಡೆ. ಅವರ ಮುಖದಲ್ಲಿ ಮೊದಲ ಸಲ ಒಂದು ನಾಚಿಕೆ ಕಾಣಿಸಿತು.

"ಆಸ್ಪತ್ರೆಯ ಬ್ರೆಡ್ಡು ನಸುಕಿನಲ್ಲೇ ಬೆಂದು ಗಾಡಿ ಹತ್ತಿದೆ. ಬೇಕರಿಯ ಕೆಲಸ ಬೆಳಕು ಹರಿಯೋ ಮೊದಲೇ ಮುಗಿಯುತ್ತೆ, ಸಾರ್. ನೀವೆಲ್ಲ ಬಿಸಿಲೇರಿದ ಮೇಲೆ ಬರ್ತೀವಿ ಅಂದಿರಿ. ಖಾಲಿ ತೊಟ್ಟಿ ಹೇಗೆ ತೋರಿಸೋದು ಅಂತ ಸುಮ್ಮನೆ ಕಲಸಿಟ್ಟಿದ್ದು. ಫೋಟೋಗೆ. ಯಾರ ಬಾಯಿಗೂ ಹೋಗೋದಲ್ಲ ಇದು."

ಉಗುರಪ್ಪನವರು ಆಕೆಯನ್ನು ನೋಡಿದರು. ಆಮೇಲೆ ನಗತೊಡಗಿದರು. ಮೊದಲು ಸದ್ದಿಲ್ಲದೆ, ಹೆಗಲು ಮಾತ್ರ ಕುಣಿಯುವ ಹಾಗೆ. ಆಮೇಲೆ ಕಣ್ಣಲ್ಲಿ ನೀರು ಬರುವವರೆಗೆ. ಯಜಮಾನಿಯೂ ನಕ್ಕರು. ಗಡ್ಡದ ಮನುಷ್ಯ ಯಾಕೆಂದು ತಿಳಿಯದಿದ್ದರೂ ಜೊತೆಗೂಡಿದ.

ಮುಖ್ಯಾಧಿಕಾರಿಗಳು ಕೈಯ ಹಿಟ್ಟು ಒರೆಸಿಕೊಂಡು, ಕೋಟು ಹಾಕಿಕೊಂಡು, ವರದಿಗಾರ್ತಿಯನ್ನು ಪಕ್ಕಕ್ಕೆ ಕರೆದು ವಿವರಿಸಿದರು: ಕೈಗವಸು ಇಲ್ಲದೇ ಹೋಗಿದ್ದರೆ ಆ ಉಗುರು ಎಲ್ಲಿಗೆ ಹೋಗುತ್ತಿತ್ತು? ಇದೇ ನಮ್ಮ ಆದೇಶದ ಮಹತ್ವ. ಅವಳು ಹಾಗೆಯೇ ಬರೆದುಕೊಂಡಳು. ಬೇಕರಿಯ ಶುಚಿತ್ವದ ಬಗ್ಗೆಯೂ ನಾಲ್ಕು ಒಳ್ಳೆಯ ಮಾತು ಸೇರಿಸಿದಳು. ಹೊರಡುವಾಗ ಮುಖ್ಯಾಧಿಕಾರಿಗಳು ಉಗುರಪ್ಪನವರ ಕಿವಿಯ ಬಳಿ ಬಗ್ಗಿದರು. ಗದರಿಸುತ್ತಾರೆಂದು ಇವರು ಕಣ್ಣು ಮುಚ್ಚಿಕೊಂಡರು.

"ಆ ವಿನಿಗರ್ ಪ್ರಯೋಜನ ಆಯಿತಾ?"

"ಇಲ್ಲ ಸಾರ್."

"ಹಾಗಾದರೆ ನಾನು ನಿಲ್ಲಿಸಿಬಿಡುತ್ತೇನೆ," ಎಂದರು ಅವರು, ಮತ್ತು ಬೇರೆ ಮಾತಿಲ್ಲದೆ ಜೀಪು ಹತ್ತಿದರು.

ಉಗುರಪ್ಪನವರು ಅಲ್ಲಿಂದ ಸೀದಾ ದೊಡ್ಡ ರಸ್ತೆಯ ಕ್ಲಿನಿಕ್ಕಿಗೆ ಹೋದರು. ಬಾಗಿಲ ಬಳಿ ಕೂತಿದ್ದ ನರ್ಸು ಎದ್ದು ನಿಂತು, "ಯಾರ ಸರ್ಟಿಫಿಕೇಟು ಸಾರ್?" ಎಂದಳು.

"ನಂದೇ," ಎಂದು ಬೆಂಚಿನ ಮೇಲೆ ಜಾಗ ಮಾಡಿಕೊಂಡು ಕೂತರು. ಅತ್ತ ಒಬ್ಬ, ಇತ್ತ ಒಬ್ಬ. ಇಬ್ಬರೂ ಒಂದಿಷ್ಟು ಸರಿದು ಜಾಗ ಕೊಟ್ಟರು.

ಡಾಕ್ಟರಮ್ಮ ಬೆರಳು ನೋಡಿ, ವಾಸನೆ ನೋಡಿ, ಭಾವಮೈದನ ಚಿಕಿತ್ಸೆಯ ವಿವರ ಕೇಳಿ, ಪೆನ್ನನ್ನು ಕೆಳಗಿಟ್ಟರು. ಆಮೇಲೆ ಹೇಳಿದರು: "ಫಂಗಸ್ಸೇ. ಹೆದರುವಂಥದ್ದೇನಲ್ಲ. ಮಾತ್ರೆ ಕೊಡುತ್ತೇನೆ, ಹಚ್ಚೋಕೆ ಕೊಡುತ್ತೇನೆ. ಹೊಸ ಉಗುರು ನಿಧಾನಕ್ಕೆ ಬರುತ್ತೆ, ತಿಂಗಳುಗಟ್ಟಲೆ. ಅಲ್ಲಿಯವರೆಗೆ ಊಟದ ಪದಾರ್ಥಕ್ಕೆ ಕೈ ಹಾಕಬೇಡಿ. ಬೆಳ್ಳುಳ್ಳಿಯನ್ನ ತಿನ್ನಿ, ಕಟ್ಟಬೇಡಿ."

"ತಪಾಸಣೆಗೆ ಹೋಗಬಹುದಾ?"

"ನೋಡೋಕೆ ಉಗುರು ಯಾಕೆ ಬೇಕು? ಕಣ್ಣು ಸಾಕಲ್ಲ. ಮತ್ತೆ ಆ ಕೈಗವಸು ತೆಗೆದು ಬಿಸಾಡಿ. ಗಾಳಿ ಆಡಲಿ."

ಭಾವಮೈದ ಒಂದು ವಿಷಯದಲ್ಲಾದರೂ ಸರಿ ಇದ್ದನಲ್ಲ ಎಂದು ಉಗುರಪ್ಪನವರಿಗೆ ಸಮಾಧಾನವಾಯಿತು. ಅದನ್ನು ಅವನಿಗೆ ಎಂದೂ ಹೇಳಬಾರದು ಎಂದೂ ಆ ಕ್ಷಣವೇ ತೀರ್ಮಾನಿಸಿದರು.

ಸಂಜೆಯ ಬಸ್ಸು ತುಂಬಿತ್ತು. ಉಗುರಪ್ಪನವರು ಮೇಲಿನ ಕಂಬಿ ಹಿಡಿದು ನಿಂತರು. ಬೋಳು ಹೆಬ್ಬೆರಳು ಎಲ್ಲರ ಕಣ್ಣಿಗೆ ಬೀಳುವ ಹಾಗೆ, ದೀಪದ ಕೆಳಗೆ, ಮುಲಾಮಿನಿಂದ ಹೊಳೆಯುತ್ತಿತ್ತು. ಒಬ್ಬ ಕಿಟಕಿಯ ಹೊರಗೆ ನೋಡುತ್ತಿದ್ದ. ಒಬ್ಬ ನಿದ್ದೆ ಹೋಗಿದ್ದ. ಇಬ್ಬರು ಹೆಂಗಸರು ಯಾರದೋ ಸೊಸೆಯ ಬಗ್ಗೆ ಮಾತಾಡುತ್ತಿದ್ದರು. ಯಾರೂ ತಲೆ ಎತ್ತಲಿಲ್ಲ.

ಎದುರಿನ ಸೀಟಿನಲ್ಲಿ ಮಡಿಲ ತುಂಬ ಚೀಲಗಳನ್ನು ಇಟ್ಟುಕೊಂಡು ಕೂತಿದ್ದ ಮುದುಕಿಯೊಬ್ಬಳು ಮಾತ್ರ ಅವರ ಕೈಯನ್ನೇ ನೆಟ್ಟ ದೃಷ್ಟಿಯಿಂದ ನೋಡತೊಡಗಿದಳು. ಉಗುರಪ್ಪನವರು ಉತ್ತರ ಸಿದ್ಧ ಮಾಡಿಕೊಂಡರು. ಫಂಗಸ್ಸು, ಅಮ್ಮ. ಔಷಧಿ ತಗೊಂಡಿದ್ದೇನೆ. ಗುಣವಾಗುತ್ತೆ.

"ಏನಪ್ಪಾ," ಎಂದಳು ಮುದುಕಿ, "ನಿನ್ನ ಕೈ ಹತ್ತಿರ ಇದೆಯಲ್ಲ ಆ ಗುಂಡಿ, ಅದನ್ನ ಒಂಚೂರು ಒತ್ತು. ನಾನು ಇಳೀಬೇಕು. ನನಗೆ ಎಟುಕಲ್ಲ."

ಉಗುರಪ್ಪನವರು ಹೆಬ್ಬೆರಳಿನಿಂದಲೇ ಒತ್ತಿದರು. ಸ್ವಲ್ಪ ನೋವಾಯಿತು. ಗಂಟೆ ಹೊಡೆಯಿತು, ಬಸ್ಸು ನಿಂತಿತು, ಮುದುಕಿ ಚೀಲಗಳೊಂದಿಗೆ ಇಳಿದು ಹೋದಳು. ಅವರು ಖಾಲಿಯಾದ ಆ ಸೀಟಿನಲ್ಲಿ ಕಾಲು ಚಾಚಿ ಆರಾಮಾಗಿ ಕೂತರು.